ವೆಡ್‌ಲಾಕಿನಲ್ಲಿ ಬೀಗವಿಲ್ಲ

ಹ್ಯಾನ್‌ಬ್ರೂಕ್, ವುಸ್ಟರ್‌ಷೈರ್
ಗುರುವಾರ, 21 ಮೇ 1964

ಪ್ರೀತಿಯ ಅಮ್ಮಾ,

ನಿನ್ನ ಮೊಣಕಾಲು ಹೇಗಿದೆ? "ಅಮ್ಮ ಸಮುದ್ರದ ದಂಡೆಯವರೆಗೂ ನಡೆದು ಬಂದಳು" ಎಂದು ರಾಲ್ಫ್ ಬರೆದಿದ್ದಾನೆ. ಆದರೆ ಅವನು ಚಿಕ್ಕಂದಿನಿಂದಲೂ ಒಳ್ಳೆಯ ಸುದ್ದಿಗೆ ಒಂದು ಹಿಡಿ ಸಕ್ಕರೆ ಹೆಚ್ಚಿಗೇ ಹಾಕುವವನು, ಹಾಗಾಗಿ ನೀನು ತೋಟದ ಗೇಟಿನವರೆಗೆ ಹೋಗಿ ಬಂದಿರಬೇಕು ಎಂದು ನಾನು ಲೆಕ್ಕ ಹಾಕಿಕೊಂಡಿದ್ದೇನೆ. ಎಂಬತ್ತಾರಕ್ಕೆ ಅದೂ ದೊಡ್ಡದೇ. ಹೊಸ ಕನ್ನಡಕ ಒಗ್ಗಿತೇ? ನಿನ್ನ ಸೊಸೆ ಜೋನ್ ಟೀ ತೀರಾ ತೆಳ್ಳಗೆ ಮಾಡುತ್ತಾಳೆಂಬ ನಿನ್ನ ದೂರನ್ನು ನಾನು ಯಾರಿಗೂ ಹೇಳಿಲ್ಲ. ಆದರೆ ಅಮ್ಮಾ, ಕಾಗದದ ಹೊರಗಡೆ, ಲಕೋಟೆ ಅಂಟಿಸಿದ ಜಾಗದ ಮೇಲೆ ಅಂಥದ್ದನ್ನೆಲ್ಲ ಬರೆಯಬೇಡ. ಆ ಕಾಗದ ಪೋಸ್ಟಿಗೆ ಹಾಕಿದವಳು ಜೋನೇ. ನನ್ನ ಆರೋಗ್ಯ ಚೆನ್ನಾಗಿದೆ, ಚೆನ್ನಾಗಿದೆ ಅನ್ನುವುದಕ್ಕಿಂತ ಸ್ವಲ್ಪ ಹೆಚ್ಚೇ ಚೆನ್ನಾಗಿದೆ. ಅದಕ್ಕೊಂದು ಕಾರಣವಿದೆ. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು, ನಿಧಾನವಾಗಿ ಓದು. ನಡುವೆ ಎದ್ದು ರಾಲ್ಫ್‌ನನ್ನು ಕರೆಯಬೇಡ.

ಹೋದ ಜುಲೈಯಲ್ಲಿ ಶಾಲೆಯಿಂದ ನಿವೃತ್ತಳಾದ ಮೇಲೆ ನಾನು ಮನೆಯ ಪುಸ್ತಕಗಳನ್ನೆಲ್ಲ ಎತ್ತರದ ಪ್ರಕಾರ ಜೋಡಿಸಿದೆ. ಅಕ್ಟೋಬರಿನಲ್ಲಿ ಬಣ್ಣದ ಪ್ರಕಾರ ಜೋಡಿಸಿದೆ. ಇನ್ನು ತೂಕದ ಪ್ರಕಾರ ಜೋಡಿಸುವುದೊಂದೇ ಬಾಕಿ ಅನ್ನುವಷ್ಟರಲ್ಲಿ ಲೈಬ್ರರಿಯವರು ಬಂದು, ಮಂಗಳವಾರ ಮಧ್ಯಾಹ್ನ ಮಹಡಿಯ ಕೋಣೆ ಖಾಲಿಯಿರುತ್ತದೆ, ಊರಿನವರಿಗೆ ಏನಾದರೂ ಪಾಠ ಹೇಳುತ್ತೀರಾ ಎಂದು ಕೇಳಿದರು. ಶಾಲೆಯಲ್ಲಿ ಹೇಳುತ್ತಿದ್ದ ಲ್ಯಾಟಿನ್ ಎಂದರೆ ಒಬ್ಬರೂ ಬರುವುದಿಲ್ಲ. ಅದಕ್ಕೇ 'ಸಾವಿರ ವರ್ಷದ ಹಿಂದೆ ನಾವು ಆಡುತ್ತಿದ್ದ ಇಂಗ್ಲಿಷು' ಎಂದು ಬೋರ್ಡು ಬರೆಸಿದೆ. ಹದಿನಾಲ್ಕು ಜನ ಬಂದರು. ಅದರಲ್ಲಿ ಆರು ಜನ ಬಂದದ್ದು ಲೈಬ್ರರಿಯ ಹೀಟರಿಗಾಗಿ ಎಂದು ಮಿಸೆಸ್ ಗ್ಯಾಡ್ಸ್‌ಬಿ ಆಮೇಲೆ ನನಗೆ ಹೇಳಿದಳು. ಈ ಮಿಸೆಸ್ ಗ್ಯಾಡ್ಸ್‌ಬಿ ನಲವತ್ತು ವರ್ಷ ಇಲ್ಲಿ ಸೂಲಗಿತ್ತಿಯಾಗಿದ್ದವಳು. ಊರಿನ ಅರ್ಧ ಜನರನ್ನು ಈ ಲೋಕಕ್ಕೆ ಎಳೆದು ತಂದವಳು ಅವಳೇ, ಆ ಹಕ್ಕಿನಿಂದ ಈಗಲೂ ಎಲ್ಲರನ್ನೂ ಹೆಸರು ಹಿಡಿದು ಗದರಿಸುತ್ತಾಳೆ. ಪಾಠ ಗಂಡ ಹೆಂಡತಿಯ ವಿಷಯಕ್ಕೆ ತಿರುಗಿದ್ದೂ ಅವಳಿಂದಲೇ. ಎರಡನೆಯ ವಾರ ನಾನು ನೇಗಿಲು, ಹೊಲ, ಹಂದಿ ಎಂದು ಶುರು ಮಾಡಿದ್ದೆ. ಅವಳು ಕೈಯೆತ್ತಿ, "ಹಂದಿ ಇರ್ಲಿ ಮಿಸ್ ಪಂಫ್ರಿ, ಹೆಂಡ್ತೀನ ಏನಂತಿದ್ರು ಅದನ್ನ ಹೇಳಿ" ಅಂದಳು. ಕೋಣೆಯಲ್ಲಿ ಮಲಗಿದ್ದವರೂ ಎದ್ದು ಕೂತರು.

ಹಿಂದಿನ ಸಾಲಿನಲ್ಲಿ, ಹೀಟರಿನಿಂದ ತೀರ ದೂರದಲ್ಲಿ, ಒಬ್ಬರು ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದರು. ಆಂಬ್ರೋಸ್ ಟಾಲಿ ಎಂದು ಹೆಸರು. ಮೂವತ್ತೇಳು ವರ್ಷ ನಮ್ಮ ಕಾಲುವೆಯ ಲಾಕು ಕಾಯ್ದವರು. ಗೇಟು ಮುಚ್ಚಿ, ನೀರು ತುಂಬಿಸಿ, ದೋಣಿಗಳನ್ನು ಮೇಲಕ್ಕೆತ್ತಿ ಕಳಿಸುವ ಕೆಲಸ. ಆ ದಿನ ಅವರು ಮೊದಲ ಬಾರಿಗೆ ಬಾಯಿ ಬಿಟ್ಟರು. "ಹೆಂಡತಿ ಅನ್ನೋ ಮಾತು ನಂಗೊತ್ತಿಲ್ಲ, ಮದುವೆ ಅನ್ನೋ ಮಾತು ಗೊತ್ತು. ಮದುವೆಗೆ ವೆಡ್‌ಲಾಕ್ ಅಂತಾರಲ್ಲ, ಅದು ಲಾಕೇ. ಒಳಗೆ ಹೋದ್ಮೇಲೆ ಹಿಂದಿನ ಗೇಟು ಮುಚ್ಚುತ್ತೆ, ನೀರು ಏರೋತನಕ ಮುಂದಿಂದು ತೆರೆಯಲ್ಲ. ಹೊಸದಾಗಿ ಮದುವೆಯಾಗಿ ದೋಣೀಲಿ ಬರೋರಿಗೆಲ್ಲ ಇದನ್ನೇ ಹೇಳಿ ಕಳಿಸಿದೀನಿ." ಎಲ್ಲರೂ ನಕ್ಕರು. ನಾನು ನಗಲಿಲ್ಲ. ಮೂವತ್ತೆಂಟು ವರ್ಷದ ಮೇಷ್ಟ್ರುಗಿರಿ ನನ್ನೊಳಗಿಂದ ಎದ್ದು ನಿಂತಿತು. ಅದರಲ್ಲಿ ಬೀಗವೂ ಇಲ್ಲ, ಕಾಲುವೆಯೂ ಇಲ್ಲ ಟಾಲಿಯವರೇ ಅಂದೆ. 'ವೆಡ್' ಎಂದರೆ ಕೊಟ್ಟ ಮಾತು. ಆ ಕೊನೆಯ ತುಂಡು ಬೀಗದ 'ಲಾಕ್' ಅಲ್ಲ, ಕೇಳುವುದಕ್ಕೆ ಹಾಗೇ ಇದ್ದ ಬೇರೊಂದು ಹಳೆಯ ಪದ, ಯಾವುದಾದರೂ ಕೆಲಸವನ್ನು ಮಾಡುವುದು ಎಂದು ಅದರ ಅರ್ಥ. ಎರಡೂ ಸೇರಿದರೆ ಮಾತು ಕೊಡುವ ಕೆಲಸ, ಅಷ್ಟೇ. ಮುಚ್ಚುವುದು, ತೆರೆಯುವುದು, ಸಿಕ್ಕಿಹಾಕಿಕೊಳ್ಳುವುದು ಯಾವುದೂ ಇಲ್ಲ. ಅವರು ಟೋಪಿಯನ್ನು ಒಂದು ಸುತ್ತು ತಿರುಗಿಸಿ, "ಮೂವತ್ತೇಳು ವರ್ಷದ ಜೋಕು ಹೋಯ್ತು" ಅಂದರು. ಆಮೇಲೆ ಸ್ವಲ್ಪ ಯೋಚಿಸಿ, "ಪರವಾಗಿಲ್ಲ, ನಿಮ್ಮದು ಜೋಕಿಗಿಂತ ಚೆನ್ನಾಗಿದೆ" ಎಂದು ಸೇರಿಸಿದರು. ಅಮ್ಮಾ, ತಿದ್ದಿದರೆ ಸಂತೋಷಪಟ್ಟ ಗಂಡಸನ್ನು ನಾನು ನೋಡಿದ್ದು ಅದೇ ಮೊದಲು.

ಅಲ್ಲಿಂದ ಆರು ವಾರ ನಾವು ಮದುವೆಮನೆಯಿಂದ ಹೊರಗೆ ಬರಲೇ ಇಲ್ಲ. ಹಳೆಯ ಮಾತಿನಲ್ಲಿ 'ವೀಫ್' ಎಂದರೆ ಹೆಂಗಸು ಎಂದಷ್ಟೇ ಅರ್ಥ, ಮದುವೆಯಾಗಿರಲಿ ಬಿಡಲಿ, ಎಂದು ನಾನು ಹೇಳಿದಾಗ ಮಿಸೆಸ್ ಗ್ಯಾಡ್ಸ್‌ಬಿ ಕೂಡಲೇ, "ಹಾಗಾದ್ರೆ ನೀವೂ ವೈಫೇ! ಇಷ್ಟು ದಿನ ನಮಗೆ ಹೇಳ್ದೆ ಮುಚ್ಚಿಟ್ಟಿದ್ರಲ್ಲ!" ಎಂದು ಕೂಗಿದಳು. ಅವಳ ಕಸುಬಿನ ಹೆಸರಿನಲ್ಲಿರುವ ವೈಫ್ ಕೂಡ ಬರೀ ಹೆಂಗಸೇ, ಮಿಡ್‌ವೈಫ್ ಎಂದರೆ ಹೆರುವವಳ ಜೊತೆಗಿರುವ ಹೆಂಗಸು ಎಂದು ಹೇಳಿದೆ. ಶತ್ರುಗಳ ಮನೆಗೆ ಮದುವೆಯಾಗಿ ಹೋದ ರಾಜಕುಮಾರಿಯನ್ನು 'ಶಾಂತಿಯನ್ನು ನೇಯುವವಳು' ಎಂದು ಕವಿಗಳು ಕರೆಯುತ್ತಿದ್ದರು ಅಂದಾಗ ಅವಳು, "ನನ್ನ ಸೊಸೆಗೆ ನೇಯೋಕೆ ಬರಲ್ಲ, ಹರಿಯೋಕೆ ಬರುತ್ತೆ" ಅಂದಳು. ಬ್ರೈಡಲ್ ಎಂಬ ಮಾತು ಮದುವೆಯ ದಿನ ಕುಡಿಯುವ ಬಿಯರಿನಿಂದ ಬಂದದ್ದೆಂದು ತಿಳಿದ ಮಾಂಸದಂಗಡಿಯ ಟ್ರಾಂಟರ್ ಅದನ್ನು ಕಾಗದದ ಮೇಲೆ ಬರೆದುಕೊಡಿ, ಹೆಂಡತಿಗೆ ತೋರಿಸಬೇಕು ಎಂದು ಗಂಟು ಬಿದ್ದ. ಬ್ರೈಡ್‌ಗ್ರೂಮಿನಲ್ಲಿ ಮೊದಲು ಕುದುರೆ ನೋಡಿಕೊಳ್ಳುವ ಗ್ರೂಮ್ ಇರಲಿಲ್ಲ, 'ಗುಮ' ಎಂದರೆ ಗಂಡಸು, ಜನ ಆ ಮಾತನ್ನು ಮರೆತು ಕುದುರೆಯವನನ್ನು ತಂದು ಕೂಡಿಸಿದರು ಅಂದೆ. ಟಾಲಿಯವರು, "ನಮ್ಮಪ್ಪ ದೋಣಿ ಎಳೆಯೋ ಕುದುರೇನ ನೋಡ್ಕೊಳ್ತಿದ್ದ. ಮದುವೇಲಿ ತನ್ನ ಕಸುಬಿನ ಹೆಸರೇ ಬರುತ್ತೆ ಅಂತ ಹೆಮ್ಮೆಪಟ್ಕೊಂಡಿದ್ದ. ಪುಣ್ಯಕ್ಕೆ ಈಗ ಇಲ್ಲ" ಅಂದರು.

ಫೆಬ್ರವರಿಯ ಕೊನೆಯ ಮಂಗಳವಾರ 'ಲೇಡಿ' ಎಂಬ ಮಾತು ಬಂತು. ಅದನ್ನು ನಾನು ನೂರಾರು ಹುಡುಗಿಯರಿಗೆ ಹೇಳಿಕೊಟ್ಟಿದ್ದೇನೆ, ಯಾವತ್ತೂ ಏನೂ ಆಗಿರಲಿಲ್ಲ. ಅದು ಮೊದಲು ರಾಣಿವಾಸದ ಮಾತಾಗಿರಲಿಲ್ಲ, ಬ್ರೆಡ್ಡಿನ ಹಿಟ್ಟು ನಾದುವವಳು ಎಂದು ಅದರ ಅರ್ಥ, ಲಾರ್ಡ್ ಎಂದರೆ ಆ ಬ್ರೆಡ್ಡನ್ನು ಕಾಯುವವನು ಎಂದು ಹೇಳಿ ಬೋರ್ಡಿನಿಂದ ತಿರುಗಿದೆ. ಟಾಲಿಯವರು ಅಳುತ್ತಿದ್ದರು. ಸದ್ದಿಲ್ಲದೆ, ಮುಖವನ್ನೂ ಮುಚ್ಚಿಕೊಳ್ಳದೆ ಅಳುತ್ತಿದ್ದರು. ಅವರ ಹೆಂಡತಿ ಲಿಲಿಯನ್ ತೀರಿಕೊಂಡು ಆರು ವರ್ಷವಾಗಿತ್ತು, ಮಕ್ಕಳಿರಲಿಲ್ಲ. "ದಿನಾ ಬೆಳಿಗ್ಗೆ ಮೊಣಕೈತನಕ ಹಿಟ್ಟು ಮಾಡ್ಕೊಂಡು ನಿಂತಿರ್ತಿದ್ಲು. ದೋಣಿಯೋರಿಗೆಲ್ಲ ಅವಳೇ ಬ್ರೆಡ್ ಮಾಡಿ ಕೊಡ್ತಿದ್ದಿದ್ದು. ಒಂದು ದಿನವಾದ್ರೂ ನಾನು ಲೇಡಿ ಅಂತ ಕರೀಲಿಲ್ಲ. ಗೊತ್ತಿರ್ಲಿಲ್ಲ ನೋಡಿ" ಅಂದರು. ಮಿಸೆಸ್ ಗ್ಯಾಡ್ಸ್‌ಬಿ ಎದ್ದು ಹೋಗಿ ಅವರ ಪಕ್ಕದಲ್ಲಿ ಕೂತಳು. ನಾನು ಸೀಮೆಸುಣ್ಣ ಹಿಡಿದುಕೊಂಡು ನಿಂತೇ ಇದ್ದೆ. ಸತ್ತುಹೋದ ಭಾಷೆಗಳ ನಡುವೆ ಇಷ್ಟು ವರ್ಷ ಕಳೆದ ನನಗೆ, ಒಂದು ಹಳೆಯ ಪದ ಎದುರಿಗೆ ಜೀವ ತಾಳಿ ಕೂತದ್ದು ಆವತ್ತು ಕಾಣಿಸಿತು.

ಆಮೇಲೆ ಪಾಠ ಮುಗಿದ ಕೂಡಲೇ ಅವರು ನನ್ನನ್ನು ಬಸ್ ಸ್ಟಾಪಿನವರೆಗೆ ಬಿಟ್ಟು ಬರುವುದು ರೂಢಿಯಾಯಿತು. ಮಾರ್ಚಿನಲ್ಲೊಂದು ದಿನ, ಬಸ್ಸು ಬರುವುದು ಕಾಣುತ್ತಿದ್ದ ಹಾಗೆಯೇ, ಅವರು ಟೋಪಿ ತೆಗೆದು, "ಮಿಸ್ ಪಂಫ್ರಿ, ವೆಡ್‌ಲಾಕಲ್ಲಿ ಬೀಗ ಇಲ್ಲ ಅಂತ ನೀವೇ ಹೇಳಿದ್ದು. ಹಾಗಿದ್ಮೇಲೆ ನಾವಿಬ್ರೂ ಅದರೊಳಗೆ ಹೋಗಿ ನೋಡಬಹುದಲ್ವಾ?" ಅಂದುಬಿಟ್ಟರು. ನಾನು ಏನಂದೆ ಗೊತ್ತೇ? "ಇಲ್ಲ, ಥ್ಯಾಂಕ್ಸ್, ನನ್ನ ಬಸ್ಸು ಬಂತು" ಅಂದೆ. ಟೀಗೆ ಇನ್ನೊಂದು ಚಮಚ ಸಕ್ಕರೆ ಬೇಕೇ ಎಂದು ಕೇಳಿದವರಿಗೆ ಹೇಳುವ ಹಾಗೆ. ಹತ್ತಿ ಕೂತ ಮೇಲೆ ನೋಡಿದರೆ ಅದು ನನ್ನ ಬಸ್ಸಲ್ಲ. ಎಂಟು ಮೈಲಿ ಆಚೆ ಇಳಿದು, ಗೊತ್ತಿಲ್ಲದ ಊರಿನ ಬೆಂಚಿನ ಮೇಲೆ ಐವತ್ತು ನಿಮಿಷ ಕೂತೆ. ಅಲ್ಲಿ ಕೂತಾಗ ನೆನಪಾದದ್ದು ಟಾಲಿಯವರಲ್ಲ, ಹ್ಯೂ.

ಅಮ್ಮಾ, ಈಗ ಹೇಳುವುದನ್ನು ನಾನು ಮೂವತ್ತಮೂರು ವರ್ಷದ ಹಿಂದೆಯೇ ಹೇಳಬೇಕಿತ್ತು. ಹ್ಯೂ ನನಗೆ ಹಿಡಿಸಲಿಲ್ಲ ಎಂದು ನಿನಗೆ ಸುಳ್ಳು ಹೇಳಿದೆ. ಅವನು ನನಗೆ ತುಂಬಾ ಹಿಡಿಸಿದ್ದ. ನಮ್ಮ ಮದುವೆ ನಿಶ್ಚಯವಾದ ಮರುವಾರ ಶಿಕ್ಷಣ ಕಚೇರಿಯಿಂದ ಒಂದು ಫಾರಂ ಬಂತು. ಮದುವೆಯಾದ ದಿನದಿಂದ ಕೆಲಸ ಬಿಟ್ಟಿದ್ದೇನೆ ಎಂದು ಮೊದಲೇ ಸಹಿ ಮಾಡಿಕೊಡಬೇಕಿತ್ತು. ಆಗ ಬಹುತೇಕ ಎಲ್ಲ ಕಡೆಯೂ ಶಿಕ್ಷಕಿಯರಿಗೆ ಅದೇ ನಿಯಮ. ನಮ್ಮ ಗಣಿತದ ಮೇಷ್ಟ್ರಿಗೆ ಅದೇ ತಿಂಗಳು ಮದುವೆಯಾಯಿತು, ಅವರಿಗೆ ಹೂಗುಚ್ಛ ಬಂತು. ನನಗೆ ಫಾರಂ ಬಂತು. ಹ್ಯೂ ಒಳ್ಳೆಯವನು, ಆದರೆ "ಅದಕ್ಕೇನಂತೆ, ಹೇಗೂ ಬಿಡ್ತೀಯಲ್ಲ" ಅಂದ. ಆ ಫಾರಮ್ಮನ್ನು ಒಂಬತ್ತು ದಿನ ಕೈಚೀಲದಲ್ಲಿ ಇಟ್ಟುಕೊಂಡು ಓಡಾಡಿದೆ. ಹೆಂಡತಿ ಎಂಬ ಮಾತಿನ ಒಳಗೆ ನಾನು ಹಿಡಿಸುವುದಿಲ್ಲ ಅನ್ನಿಸಿತು. ನೀನು ಆಗಲೇ ಮೇಜಿನ ಬಟ್ಟೆಗೆ ನಮ್ಮಿಬ್ಬರ ಮೊದಲ ಅಕ್ಷರಗಳ ಕಸೂತಿ ಹಾಕಿ ಮುಗಿಸಿದ್ದೆ. ನಿಜ ಹೇಳಿದ್ದರೆ ನೀನು ನನಗೆ ಸಹಿ ಮಾಡು ಅನ್ನುತ್ತಿದ್ದೆ, ನಾನು ಮಾಡುತ್ತಿದ್ದೆ. ಆ ಹೆದರಿಕೆಗೆ ಸುಳ್ಳು ಹೇಳಿ ಮದುವೆ ಮುರಿದೆ. ನೀನು, "ನಿನ್ನ ಎದೇಲಿ ಇರೋದು ರಕ್ತವೋ ಮಸಿಯೋ?" ಅಂದೆ, ಆ ಇಡೀ ಬೇಸಿಗೆ ನನ್ನ ಜೊತೆ ಮಾತಾಡಲಿಲ್ಲ. ನಿನ್ನ ತಪ್ಪಲ್ಲ. ನಿನಗೆ ಗೊತ್ತಾಗುವ ಹಾಗೆ ನಾನು ಮಾಡಲಿಲ್ಲ. ಆ ಕೆಲಸವನ್ನು ಉಳಿಸಿಕೊಂಡದ್ದಕ್ಕೆ ನನಗೆ ಒಂದು ದಿನವೂ ಪಶ್ಚಾತ್ತಾಪವಾಗಿಲ್ಲ. ಸುಳ್ಳಿಗೆ ಮಾತ್ರ ಆಗಿದೆ.

ಮುಂದಿನ ಎರಡು ಮಂಗಳವಾರ ಟಾಲಿಯವರು ಪಾಠಕ್ಕೆ ಬರಲಿಲ್ಲ. ಮೂರನೆಯ ವಾರ ನಾನು ಬೋರ್ಡಿನ ಮೇಲೆ ಒಂದೇ ಪದವನ್ನು ಎರಡು ಸಲ ತಪ್ಪು ಬರೆದೆ. ಎಲ್ಲರೂ ಹೋದ ಮೇಲೆ ಮಿಸೆಸ್ ಗ್ಯಾಡ್ಸ್‌ಬಿ ಬಾಗಿಲಿಗೆ ಅಡ್ಡ ನಿಂತಳು. "ನಾನು ಸಾವಿರಾರು ಹೆಂಗಸರ ಜೊತೆ ಕೂತವಳು. ನೋವು ಬಂದಾಗ ಇಲ್ಲ ಇಲ್ಲ ಅನ್ನೋರನ್ನ ಎಷ್ಟು ಜನರನ್ನ ನೋಡಿಲ್ಲ! ಆಂಬ್ರೋಸ್ ಜ್ವರ ಬಂದು ಮಲಗಿದಾನೆ ಅಂದ್ಕೊಂಡ್ರಾ? ಮರಗೆಲಸ ಮಾಡ್ತಿದಾನೆ, ಊರಿಗೆಲ್ಲ ಕೇಳೋ ಹಾಗೆ." ಶನಿವಾರ ಮೂರು ಗಂಟೆಗೆ ಬನ್ನಿ ಎಂದು ಟಾಲಿಯವರಿಂದ ಒಂದು ಪೋಸ್ಟ್‌ಕಾರ್ಡು ಬಂತು, ಬೇರೆ ಒಂದಕ್ಷರವೂ ಇರಲಿಲ್ಲ. ಹೋಗುವುದಿಲ್ಲ ಎಂದು ತೀರ್ಮಾನಿಸಿ, ನೀಲಿ ಕೋಟನ್ನು ಇಸ್ತ್ರಿ ಮಾಡಿಕೊಂಡು ಹೋದೆ.

ಅವರ ಮನೆಯ ಪಕ್ಕದಲ್ಲಿ, ನೀರಿನ ಅಂಚಿಗೆ, ಹಿಂದೆ ದೋಣಿಗಳ ಸುಂಕ ಬರೆದುಕೊಳ್ಳುತ್ತಿದ್ದ ಒಂದು ಚಿಕ್ಕ ಇಟ್ಟಿಗೆಯ ಕೋಣೆಯಿದೆ. ಅದಕ್ಕೆ ಸುಣ್ಣ ಬಳಿದು, ನೆಲಕ್ಕೆ ಹಲಗೆ ಹಾಕಿ, ಮೂರು ಗೋಡೆಗೆ ನೆಲದಿಂದ ಮಾಡಿನವರೆಗೆ ಪುಸ್ತಕದ ಹಲಗೆ ಹೊಡೆದಿದ್ದರು. ನಾಲ್ಕನೆಯ ಗೋಡೆಯ ಕಿಟಕಿಯ ಕೆಳಗೆ ಒಂದು ಮೇಜು. ಹಲಗೆಗಳ ನಡುವೆ ಎತ್ತರ ಒಂದೇ ಸಮನಾಗಿರಲಿಲ್ಲ. "ನೀವು ಎತ್ತರದ ಪ್ರಕಾರ ಜೋಡಿಸ್ತೀರಂತೆ" ಅಂದರು. ಆಮೇಲೆ ಶಾಲೆಯ ಹುಡುಗ ಪಾಠ ಒಪ್ಪಿಸುವ ಹಾಗೆ ಕೈ ಹಿಂದೆ ಕಟ್ಟಿಕೊಂಡು, "ಮದುವೆ ಮಾರನೇ ದಿನ ಬೆಳಿಗ್ಗೆ ಗಂಡ ಹೆಂಡತಿಗೆ ಕೊಡೋ ಉಡುಗೊರೆ, ಅದು ಅವಳದ್ದೇ, ಗಂಡನೂ ಮುಟ್ಟೋ ಹಾಗಿಲ್ಲ, ಅವನ ಕಡೆಯೋರೂ ಕೇಳೋ ಹಾಗಿಲ್ಲ ಅಂದಿದ್ರಿ. ಬೆಳಗಿನ ಕೊಡುಗೆ ಅಂತ ಏನೋ ಹೆಸರು. ಇದು ಅದೇ. ಬಾಗಿಲಿಗೆ ಬೀಗ ಹಾಕಿಸಿದೀನಿ. ಕೀಲಿ ಒಂದೇ ಮಾಡ್ಸಿದ್ದು" ಎಂದು ಅದನ್ನು ನನ್ನ ಅಂಗೈಯಲ್ಲಿ ಇಟ್ಟರು. ಅಂಥ ಹೊತ್ತಿನಲ್ಲಿ ನನ್ನಿಂದ ಬರುವುದು ಒಂದೇ. ಕ್ರಮ ತಪ್ಪಾಗಿದೆ, ಅದನ್ನು ಕೊಡಬೇಕಾದದ್ದು ಮದುವೆಯಾದ ಮೇಲೆ ಅಂದೆ. "ನಂಗೆ ಅರವತ್ತೇಳು, ಮಿಸ್ ಪಂಫ್ರಿ. ಕ್ರಮ ನೋಡ್ತಾ ಕೂರೋಕಾಗಲ್ಲ" ಅಂದರು.

ಒಳಗೆ ಅಡುಗೆಮನೆಯಲ್ಲಿ ಹಿಟ್ಟು ನಾದುವ ದೊಡ್ಡ ಮರಿಗೆಯೊಂದು ಇತ್ತು, ಅಂಚು ಸವೆದು ನುಣ್ಣಗಾಗಿತ್ತು. ಅವರು ಅದರ ಮುಂದೆ ನಿಂತು, "ಇದು ಲಿಲಿಯನ್‌ದು. ಇದನ್ನ ಎಲ್ಲೂ ಕಳಿಸಲ್ಲ. ನಿಮಗೆ ಬೇಜಾರಾಗೋ ಹಾಗಿದ್ರೆ ಈಗಲೇ ಹೇಳಿಬಿಡಿ" ಅಂದರು. ಬೇಜಾರಿಲ್ಲ, ಆದರೆ ನನಗೆ ಬ್ರೆಡ್ ಮಾಡುವುದಕ್ಕೆ ಬರುವುದಿಲ್ಲ, ಇನ್ನು ಕಲಿಯುವುದೂ ಇಲ್ಲ ಅಂದೆ. "ನಿಮಗ್ಯಾಕೆ? ನಂಗೆ ಬರುತ್ತೆ. ಅವಳು ಹೋದ್ಮೇಲೆ ಕಲಿತೆ. ಈ ಮರಿಗೆ ಸುಮ್ನೆ ಇರೋದನ್ನ ನೋಡೋಕಾಗ್ಲಿಲ್ಲ" ಎಂದು ಬಟ್ಟೆ ಸರಿಸಿ ಉಬ್ಬುತ್ತಿದ್ದ ಹಿಟ್ಟನ್ನು ತೋರಿಸಿದರು. "ಹಾಗಾದರೆ ಈ ಮನೆಯ ಲೇಡಿ ನೀವೇ" ಎಂದು ನನ್ನ ಬಾಯಿಂದ ಬಂತು. ಅವರು ಗೋಡೆಗೆ ಒರಗಿಕೊಂಡು ನಕ್ಕರು ನೋಡು, ಹೊರಗೆ ಬಾತುಕೋಳಿಗಳು ಹಾರಿದವು. ನಾನೂ ನಕ್ಕೆ, ಹೊಟ್ಟೆ ಹಿಡಿದುಕೊಂಡು ನಕ್ಕೆ. ನಗು ನಿಂತ ಮೇಲೆ ನಾನು ಕೋಟು ತೆಗೆದು ಗೂಟಕ್ಕೆ ನೇತುಹಾಕಿದೆ. ಉತ್ತರ ಅದೇ ಎಂದು ಇಬ್ಬರಿಗೂ ಗೊತ್ತಾಯಿತು. ಹ್ಯೂನ ಕತೆಯನ್ನೂ ಫಾರಮ್ಮಿನ ಕತೆಯನ್ನೂ ಆ ಸಂಜೆ ಬಿಸಿ ಬ್ರೆಡ್ಡಿಗೆ ಬೆಣ್ಣೆ ಹಚ್ಚಿಕೊಂಡು ತಿನ್ನುತ್ತ ಅವರಿಗೆ ಹೇಳಿದೆ. ಅವರು ಕೇಳಿ, "ಆ ಮಂಗಳವಾರದ ಪಾಠ ನಿಲ್ಲಿಸಬೇಡಿ ಮತ್ತೆ. ಮುಂದಿನ ವಾರ ಏನಿದೆ?" ಅಂದರು.

ಹೌದು ಅಮ್ಮಾ, ಜೂನ್ ಇಪ್ಪತ್ತೇಳು, ಶನಿವಾರ, ಹನ್ನೊಂದು ಗಂಟೆಗೆ, ಇಲ್ಲಿಯ ಚರ್ಚಿನಲ್ಲಿ. ಇನ್ನು ಕೇಳಿ ಪ್ರಯೋಜನವಿಲ್ಲ ಎಂದು ನೀನು ಕೇಳುವುದನ್ನು ಬಿಟ್ಟು ಇಪ್ಪತ್ತು ವರ್ಷವಾಯಿತಲ್ಲ, ಆ ಪ್ರಶ್ನೆಗೆ ಇದು ಉತ್ತರ, ಸ್ವಲ್ಪ ತಡವಾಗಿದೆ. ಟ್ರಾಂಟರ್ ಒಂದು ಪೀಪಾಯಿ ಬಿಯರು ತರುತ್ತಾನಂತೆ, ಬ್ರೈಡಲ್‌ನ ಅರ್ಥ ಕೆಡಬಾರದು ಎಂದು. ಕೇಕನ್ನು ಮಿಸೆಸ್ ಗ್ಯಾಡ್ಸ್‌ಬಿ ಮಾಡುತ್ತಾಳೆ, ಬ್ರೆಡ್ಡು ಮದುಮಗನದು. ಮೊನ್ನೆ ಪಾಠದಲ್ಲಿ ಹೇಳಿದಾಗ ಹದಿಮೂರು ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಹದಿನಾಲ್ಕನೆಯವರು ಟೋಪಿಯನ್ನು ಕೆಳಗೆ ಬೀಳಿಸಿಕೊಂಡು ಹುಡುಕುತ್ತಿದ್ದರು. ಮಂಗಳವಾರದ ತರಗತಿಗೆ ನಾನು ಮಿಸ್ ಪಂಫ್ರಿಯೇ, ಉಳಿದ ದಿನ ಏನು ಬೇಕಾದರೂ ಕರೆಯಲಿ ಎಂದು ಒಪ್ಪಂದವಾಗಿದೆ. ಅವರು ನಿನಗೆ ನಮಸ್ಕಾರ ತಿಳಿಸಿದ್ದಾರೆ. ನಿನ್ನನ್ನು ಏನೆಂದು ಕರೆಯಬೇಕೋ ತೋಚದೆ ಬೆಳಗಿನಿಂದ "ನಿಮ್ಮ ತಾಯಿಯವರು, ನಿಮ್ಮ ತಾಯಿಯವರು" ಎಂದು ಅಭ್ಯಾಸ ಮಾಡುತ್ತಿದ್ದಾರೆ.

ಜೋನ್‌ಗೆ, ರಾಲ್ಫ್‌ಗೆ ನನ್ನ ಪ್ರೀತಿ. ಮೊಣಕಾಲಿಗೆ ಎಣ್ಣೆ ತಿಕ್ಕಿಸಿಕೊಳ್ಳುವುದನ್ನು ಬಿಡಬೇಡ. ನಿನ್ನ ಎರಡೂ ಕೆನ್ನೆಗೆ ಮುತ್ತಿಟ್ಟು ಮುಗಿಸುತ್ತೇನೆ.

ನಿನ್ನ ಮಗಳು,
ಅವಿ

ತಾ.ಕ.: ಟಪಾಲಿನ ವ್ಯಾನು ಮೂಲೆಯಲ್ಲಿ ನಿಂತಿದೆ, ಟಾಲಿಯವರು ಅದರ ಡ್ರೈವರನ್ನು ಮಾತಾಡಿಸುತ್ತ ನಿಲ್ಲಿಸಿಕೊಂಡಿದ್ದಾರೆ, ಬೇಗ ಬೇಗ ಬರೆಯುತ್ತೇನೆ. ಇಷ್ಟೆಲ್ಲ ಬರೆದದ್ದು ಇದನ್ನು ಕೇಳುವುದಕ್ಕೆ, ಕೇಳುವ ಧೈರ್ಯ ಬಂದದ್ದು ಈಗ. ಮದುವೆಯ ದಿನ ನನ್ನನ್ನು ಕೈ ಹಿಡಿದು ಒಳಗೆ ಕರೆತಂದು ಕೊಡುವವರು ಯಾರು ಎಂದು ಪಾದ್ರಿ ಕೇಳಿದರು. ಅಪ್ಪ ಇಲ್ಲ, ಹಾಗಾಗಿ ತಮ್ಮನೇ ಇರಬೇಕು ಎಂದು ರಾಲ್ಫ್‌ನ ಹೆಸರು ಬರೆದುಕೊಳ್ಳಲು ಹೊರಟರು. ನಾನು ಬೇಡ ಅಂದೆ, ಅಮ್ಮ ಅಂದೆ. ಹೆಂಗಸರು ಕೊಡುವ ಪದ್ಧತಿಯಿಲ್ಲ ಎಂದರು. ಪ್ರಾರ್ಥನೆಯ ಪುಸ್ತಕ ತೆಗೆದು ನೋಡಿ ಅಂದೆ. ಇಬ್ಬರೂ ಬಗ್ಗಿ ನೋಡಿದೆವು. ಅದರಲ್ಲಿರುವುದು "ತಂದೆಯ ಅಥವಾ ಸ್ನೇಹಿತರ ಕೈಯಿಂದ" ಎಂದು. ಸ್ನೇಹಿತರು ಗಂಡಸರೇ ಆಗಿರಬೇಕೆಂದು ಎಲ್ಲೂ ಬರೆದಿಲ್ಲ. ಪಾದ್ರಿ ಒಪ್ಪಿದ್ದಾರೆ. ಬಾಗಿಲಿನಿಂದ ಒಳಗೆ ಇಪ್ಪತ್ತೆರಡು ಹೆಜ್ಜೆ, ಎಣಿಸಿ ಬಂದಿದ್ದೇನೆ, ನಡುವೆ ನಿಲ್ಲಬೇಕಾದರೆ ನಿಲ್ಲೋಣ, ಊರು ಕಾಯುತ್ತದೆ. ಆ ಬೇಸಿಗೆಯ ನಂತರವೂ ನೀನು ನನ್ನ ಸ್ನೇಹಿತೆಯೇ ಅಲ್ಲವೇ ಅಮ್ಮಾ? ಹೌದಾದರೆ ಮರುಟಪಾಲಿಗೆ ಒಂದೇ ಸಾಲು ಬರೆ. ಈ ಸಲ ಬೇಕಾದರೆ ಹೊರಗಡೆಯೇ, ಎಲ್ಲರಿಗೂ ಕಾಣುವ ಹಾಗೆ ಬರೆ.